ಲಿಂಫ್ ಡ್ರೈನೇಜ್ ಮಸಾಜ್: ದುಡ್ಡು ಕೈಗೋ, ಬ್ಯಾಂಡೇಜಿಗೋ?

ಬೆಂಗಳೂರಿನಂಥ ಊರಲ್ಲಿ ಈಗ 'ಲಿಂಫ್ಯಾಟಿಕ್ ಡ್ರೈನೇಜ್' (ಚರ್ಮವನ್ನು ಹಗುರವಾಗಿ ಎಳೆದು ಬಿಟ್ಟು ಊತದ ನೀರನ್ನು ಸಾಗಿಸುವ ಮಸಾಜ್) ಎಂಬ ಬೋರ್ಡು ಮೂರು ಥರದ ಬಾಗಿಲ ಮೇಲೆ ಕಾಣುತ್ತದೆ. ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗ ಒಂದು, ಊತದ ಚಿಕಿತ್ಸೆಗೆಂದೇ ತರಬೇತಿ ಪಡೆದವರು ನಡೆಸುವ ಪುಟ್ಟ ಕ್ಲಿನಿಕ್ ಇನ್ನೊಂದು, ಮೂರನೆಯದು ಸ್ಪಾ. ಮೊದಲ ಬಾಗಿಲಲ್ಲಿ ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಕೈ ಊದಿಕೊಂಡವರು ಕೂತಿರುತ್ತಾರೆ, ಕೊನೆಯದರಲ್ಲಿ ಮದುವೆಗೆ ಮುಂಚೆ ಮುಖ ಸ್ವಲ್ಪ ಇಳಿಯಲಿ ಎಂದು ಬಂದವರು. ಹೆಸರು ಒಂದೇ, ಸರಕು ಬೇರೆ. ಹಾಗಾಗಿ ಇಲ್ಲಿ ಯಾವುದೋ ಒಂದು ಅಂಗಡಿಗೆ ಅಂಕ ಹಾಕುತ್ತಿಲ್ಲ. ಆ ಒಂದು ಗಂಟೆಯ ಸೇವೆಯಲ್ಲಿ ಏನಿರಬೇಕು, ಏನಿದ್ದರೆ ದುಡ್ಡು ದಂಡ ಎಂದು ನೋಡುತ್ತಿದ್ದೇವೆ.

ತೊಡಕು ಶುರುವಾಗುವುದೇ 'ಮಸಾಜ್' ಎಂಬ ಪದದಿಂದ. ನಮ್ಮಲ್ಲಿ ಮೈ ನೀವಿಸಿಕೊಳ್ಳುವುದೆಂದರೆ ಎಣ್ಣೆ, ಬಲ, ಮೀನಖಂಡ ಹಿಡಿದು ಹಿಂಡುವುದು, ಆಮೇಲೆ ಬಿಸಿನೀರು. ಮಾರನೆಯ ದಿನ ಮೈ ನೊಂದರೆ 'ಚೆನ್ನಾಗಿ ಮಾಡಿದ್ದಾರೆ' ಅನ್ನುತ್ತೇವೆ. ಲಿಂಫ್ ಡ್ರೈನೇಜಿನಲ್ಲಿ ಎಣ್ಣೆ ಇಲ್ಲ, ಬಲ ಇಲ್ಲ, ನೋವಾದರೆ ಕೆಲಸ ಕೆಟ್ಟಿತು ಎಂದೇ ಅರ್ಥ. 'ಏನೂ ಮಾಡಲೇ ಇಲ್ಲ, ಸುಮ್ಮನೆ ಸವರಿ ಕಳಿಸಿದರು' ಎಂದು ಯಾರಾದರೂ ಸಿಟ್ಟಿನಲ್ಲಿ ಒಂದೇ ಸ್ಟಾರ್ ಕೊಟ್ಟಿದ್ದರೆ, ಆ ಥೆರಪಿಸ್ಟ್ ಕೆಲಸ ಬಲ್ಲವರಿರುವ ಸಾಧ್ಯತೆಯೇ ಹೆಚ್ಚು.

ಹಗುರ ಏಕೆ ಬೇಕೆಂದರೆ, ಕೆಲಸ ನಡೆಯುವುದು ಚರ್ಮದ ಕೆಳಗೇ. ರಕ್ತನಾಳದಿಂದ ಸೋರಿ ಜೀವಕೋಶಗಳ ನಡುವೆ ಉಳಿದ ನೀರು, ಪ್ರೋಟೀನು, ಕಸಕಡ್ಡಿ ಎಲ್ಲವನ್ನೂ ಬಾಚಿ ಮತ್ತೆ ರಕ್ತಕ್ಕೆ ಸೇರಿಸುವುದು ಲಿಂಫ್ ನಾಳಗಳ ಕೆಲಸ. ಶಾಲೆಯ ಪುಸ್ತಕದಲ್ಲಿ ದುಗ್ಧರಸ ಎಂದು ಓದಿದ್ದೇವಲ್ಲ, ಅದೇ. ದಿನಕ್ಕೆ 2ರಿಂದ 4 ಲೀಟರ್ ಹೀಗೆ ವಾಪಸಾಗುತ್ತದೆ. ಇದಕ್ಕೆ ಹೃದಯದಂಥ ಪಂಪಿಲ್ಲ. ದೊಡ್ಡ ಲಿಂಫ್ ನಾಳಗಳೇ ಕವಾಟದಿಂದ ಕವಾಟಕ್ಕೆ ತುಂಡು ತುಂಡಾಗಿ ಮಿಡಿಯುತ್ತವೆ, ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ ಸುಮಾರು 6ರಿಂದ 10 ಸಲ. ತೀರ ಆರಂಭದ ನಾಳಗಳು ಕೂದಲಿಗಿಂತ ಸಣ್ಣವು. ಅವುಗಳ ಗೋಡೆಯ ಕೋಶಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತು, ಸಣ್ಣ ಎಳೆಗಳಿಂದ ಸುತ್ತಲಿನ ಅಂಗಾಂಶಕ್ಕೆ ಕಟ್ಟಿಕೊಂಡಿರುತ್ತವೆ. ಚರ್ಮವನ್ನು ಮೆಲ್ಲಗೆ ಎಳೆದರೆ ಆ ಎಳೆಗಳು ಬಿಗಿದು ಹೆಂಚು ತೆರೆಯುತ್ತದೆ, ನೀರು ಒಳಗೆ ಹೋಗುತ್ತದೆ. ಬಿಟ್ಟರೆ ಮುಚ್ಚುತ್ತದೆ, ಒಳಗೆ ಹೋದದ್ದು ಮುಂದೆ ಸಾಗುತ್ತದೆ. ಬಲವಾಗಿ ಒತ್ತಿದರೋ, ನಾಳವೇ ಚಪ್ಪಟೆ. ಒತ್ತುವಿಕೆಯ ಜೊತೆಗೆ ಉಜ್ಜಾಟವೂ ಸೇರಿದರೆ ಚರ್ಮಕ್ಕೆ ರಕ್ತ ನುಗ್ಗಿ ಇನ್ನಷ್ಟು ನೀರು ಹೊರಗೆ ಸೋರುತ್ತದೆ. ಊತ ಇಳಿಸಲು ಹೋಗಿ ಊತಕ್ಕೇ ನೀರೆರೆದ ಹಾಗೆ.

ಎಷ್ಟು ಹಗುರ? ಕಾಯಿಸಿ ಆರಿಸಿದ ಹಾಲಿನ ಕೆನೆಯನ್ನು ಹರಿಯದೆ ಬೆರಳಲ್ಲಿ ಒಂದು ಕಡೆಗೆ ಸರಿಸುವಷ್ಟು. ಪುಸ್ತಕದ ಲೆಕ್ಕದಲ್ಲಿ ಸಾಮಾನ್ಯವಾಗಿ 30ರಿಂದ 40 ಮಿಲಿಮೀಟರ್ ಪಾದರಸ (ಬಿ.ಪಿ. ಅಳೆಯುವ ಮಾನ) ಎನ್ನುತ್ತಾರೆ. ಕೈಗೆ ಅರ್ಥವಾಗುವುದು ಕೆನೆಯ ಲೆಕ್ಕವೇ.

ಈ ವಿಧಾನ 1930ರ ದಶಕದ್ದು. ಡೆನ್ಮಾರ್ಕಿನ ಎಮಿಲ್ ಮತ್ತು ಎಸ್ಟ್ರಿಡ್ ವೊಡರ್ ದಂಪತಿ ಫ್ರಾನ್ಸಿನ ಕಾನ್ ಪಟ್ಟಣದಲ್ಲಿ, ಸದಾ ನೆಗಡಿ, ಕುತ್ತಿಗೆಯ ಲಿಂಫ್ ಗಡ್ಡೆ ಊದಿದೆ ಎಂದು ಬರುತ್ತಿದ್ದವರ ಮೇಲೆ ಇದನ್ನು ರೂಪಿಸಿ, 1936ರಲ್ಲಿ ಪ್ಯಾರಿಸ್ಸಿನಲ್ಲಿ ಲೋಕಕ್ಕೆ ತೋರಿಸಿದರು. ಲಿಂಫ್ ಗಡ್ಡೆಗಳನ್ನು (ಕ್ಯಾನ್ಸರ್ ಗಡ್ಡೆಯಲ್ಲ, ಕುತ್ತಿಗೆ, ಕಂಕುಳು, ತೊಡೆಸಂದಿನಲ್ಲಿ ಲಿಂಫ್ ಸೋಸುವ ಸಣ್ಣ ಗಂಟುಗಳು) ಮುಟ್ಟಲೇ ಬಾರದೆಂದು ವೈದ್ಯರು ಹೇಳುತ್ತಿದ್ದ ಕಾಲ ಅದು. ಮುಂದೆ ಜರ್ಮನಿಯಲ್ಲಿ ಮೈಕೆಲ್ ಫೋಲ್ಡಿ ಮತ್ತು ಎಥೆಲ್ ಫೋಲ್ಡಿ ಅದಕ್ಕೆ ಬ್ಯಾಂಡೇಜು, ವ್ಯಾಯಾಮ, ಚರ್ಮದ ಆರೈಕೆ ಸೇರಿಸಿ ನಾಲ್ಕು ಕಾಲಿನ ಚಿಕಿತ್ಸೆಯಾಗಿ ನಿಲ್ಲಿಸಿದರು. ಆ ನಾಲ್ಕರಲ್ಲಿ ಮಸಾಜ್ ಒಂದು ಕಾಲು ಮಾತ್ರ. ಸ್ಪಾಗಳು ಆ ಒಂದೇ ಕಾಲನ್ನು ಕಿತ್ತು ಮಾರುತ್ತವೆ.

ಆ ಗಂಟೆ ಹೇಗಿರಬೇಕು? ಮೊದಲ ಭೇಟಿಯಲ್ಲಿ ಮುಟ್ಟುವುದಕ್ಕೆ ಮುಂಚೆ ಕಾಲು ಗಂಟೆಯಾದರೂ ಮಾತಿರಬೇಕು: ಆಪರೇಷನ್ ಯಾವಾಗ ಆಯಿತು, ಕಂಕುಳಿನ ಲಿಂಫ್ ಗಡ್ಡೆ ತೆಗೆದಿದ್ದಾರೆಯೇ, ರೇಡಿಯೇಷನ್ ಕೊಟ್ಟಿದ್ದಾರೆಯೇ, ಹೃದಯ, ಮೂತ್ರಪಿಂಡ, ಥೈರಾಯ್ಡ್ ತೊಂದರೆ ಇದೆಯೇ, ಇತ್ತೀಚೆಗೆ ಜ್ವರ ಬಂದಿತ್ತೇ. ಆಮೇಲೆ ಟೇಪು. ಮಣಿಕಟ್ಟಿನಿಂದ ಅಥವಾ ಪಾದದ ಗಂಟಿನಿಂದ ಮೇಲಕ್ಕೆ 4 ಸೆಂಟಿಮೀಟರಿಗೊಂದು ಗುರುತು ಹಾಕಿ ಎರಡೂ ಕಡೆಯ ಸುತ್ತಳತೆ ಬರೆದುಕೊಳ್ಳುತ್ತಾರೆ. 10 ಸೆಂಟಿಮೀಟರಿಗೊಂದು ಗುರುತು ಹಾಕುವವರೂ ಇದ್ದಾರೆ, ತಪ್ಪಲ್ಲ. ಪ್ರತಿ ಸಲ ಅದೇ ಜಾಗದಲ್ಲಿ ಅಳೆದರೆ ಸಾಕು. ಎರಡು ಕೈಗಳ ನಡುವೆ 2 ಸೆಂಟಿಮೀಟರ್ ವ್ಯತ್ಯಾಸ ಬಂದರೆ ಲಿಂಫ್ ಊತ ಎಂದು ಎಣಿಸುವುದು ವಾಡಿಕೆ. ಹೆಬ್ಬೆರಳಿನಿಂದ ಊತದ ಮೇಲೆ ಒತ್ತಿ ಹಿಡಿದು ಕುಳಿ ಬೀಳುತ್ತದೆಯೇ ಎಂದು ನೋಡುತ್ತಾರೆ. ಕಾಲಾದರೆ ಎರಡನೇ ಬೆರಳಿನ ಬುಡದ ಚರ್ಮವನ್ನು ಚಿವುಟಿ ಎತ್ತಲು ನೋಡುತ್ತಾರೆ. ಎತ್ತಲು ಬಾರದಿದ್ದರೆ ಅದು ಲಿಂಫ್ ಊತದ ಬಲವಾದ ಗುರುತು. ಟೇಪು ತೆಗೆಯದವರ ಬಳಿ ಹತ್ತು ಸಿಟ್ಟಿಂಗಿನ ಪ್ಯಾಕೇಜ್ ಕೊಳ್ಳಬೇಡಿ. ಇಳಿದಿದೆ, ಇಳಿದಿಲ್ಲ ಎಂದು ಹೇಳಲು ಅವರ ಹತ್ತಿರ ಬೇರೆ ದಾರಿಯೇ ಇಲ್ಲ.

ಮಲಗಿದ ಮೇಲೆ ಕೈ ಮೊದಲು ಹೋಗುವುದು ಊತದ ಕಡೆಗಲ್ಲ, ಕುತ್ತಿಗೆಯ ಬುಡಕ್ಕೆ. ಇಲ್ಲೇ ಬಲ್ಲವರೂ ಬಲ್ಲದವರೂ ಬೇರೆಯಾಗುವುದು. ಮೈಯ ಲಿಂಫ್ ಎಲ್ಲ ಕೊನೆಗೆ ಕಾಲರ್ ಮೂಳೆಯ ಹಿಂದೆ, ಎಡಬಲದ ದೊಡ್ಡ ರಕ್ತನಾಳಗಳಿಗೆ ಬೀಳುತ್ತದೆ. ಎರಡು ಕಾಲು, ಹೊಟ್ಟೆ, ಎಡಗೈ, ತಲೆ ಮತ್ತು ಎದೆಯ ಎಡಭಾಗ ಇಷ್ಟೂ ಎಡಗಡೆಗೆ; ಬಲಗೈ, ತಲೆ ಮತ್ತು ಎದೆಯ ಬಲಭಾಗ ಮಾತ್ರ ಬಲಗಡೆಗೆ. ಗದ್ದೆಯ ಕಾಲುವೆಯಲ್ಲಿ ಹೂಳು ತುಂಬಿದಾಗ ಮೇಲಿನಿಂದ ನೀರು ಬಿಟ್ಟು ಯಾರೂ ಕೂರುವುದಿಲ್ಲ, ಕೆಳಗಿನ ಬಾಯಿ ಬಿಡಿಸಿಕೊಂಡು ಮೇಲಕ್ಕೆ ಬರುತ್ತಾರೆ. ಇಲ್ಲಿಯೂ ಅದೇ ಕ್ರಮ. ಕಾಲರ್ ಮೂಳೆಯ ಮೇಲಿನ ಗುಳಿಯಲ್ಲಿ ಬೆರಳುಗಳನ್ನು ಚಪ್ಪಟೆಯಾಗಿಟ್ಟು ಚರ್ಮವನ್ನಷ್ಟೇ ಸುತ್ತು ತಿರುಗಿಸಿ ಬಿಡುತ್ತಾರೆ. ಒಂದು ಜಾಗದಲ್ಲಿ 5ರಿಂದ 7 ಸಲ, ಒಂದೊಂದೂ ಒಂದು ಸೆಕೆಂಡಿಗಿಂತ ಬೇಗ ಮುಗಿಯದ ಹಾಗೆ. ಎಳೆಯುವಾಗ ಇರುವ ಹಗುರ ಒತ್ತಡ ಬಿಡುವಾಗ ಸೊನ್ನೆಗೆ ಇಳಿಯಬೇಕು, ಕೈ ಮಾತ್ರ ಚರ್ಮದಿಂದ ಏಳಬಾರದು. ಬೆರಳು ಚರ್ಮದ ಮೇಲೆ ಜಾರಿದರೆ ಕೆಲಸ ಆಗಲಿಲ್ಲ. ಎಣ್ಣೆ ಬೇಡ ಎನ್ನುವುದೂ ಅದಕ್ಕೇ.

ಆಮೇಲೆ ಹೊಟ್ಟೆಯಿಂದ ನಾಲ್ಕೈದು ಆಳವಾದ ಉಸಿರು. ವಪೆ (ಎದೆ, ಹೊಟ್ಟೆಯ ನಡುವಿನ ಪರದೆ) ಏರಿಳಿದಾಗ ಎದೆಯೊಳಗಿನ ಮುಖ್ಯ ನಾಳ ಹಿಂಡಿದಂತಾಗಿ ಕೆಳಗಿನದು ಮೇಲಕ್ಕೆ ಬರುತ್ತದೆ. ಇಡೀ ಗಂಟೆಯಲ್ಲಿ ಮನೆಗೆ ಪುಕ್ಕಟೆ ಒಯ್ಯಬಹುದಾದ ಭಾಗ ಇದೊಂದೇ.

ಬಲಗಡೆಯ ಕಂಕುಳಿನ ಲಿಂಫ್ ಗಡ್ಡೆ ತೆಗೆದವರಿಗಾದರೆ ಮುಂದಿನ ಕ್ರಮ ಹೀಗಿರುತ್ತದೆ: ಎಡ ಕಂಕುಳು, ಬಲ ತೊಡೆಸಂದು ಎರಡನ್ನೂ ಮೊದಲು ತೆರವು ಮಾಡಿ, ಎದೆಯ ಮೇಲಿಂದ ಎಡಕ್ಕೂ ಪಕ್ಕೆಯ ಮೇಲಿಂದ ಕೆಳಕ್ಕೂ ದಾರಿ ಮಾಡುತ್ತಾರೆ. ನಂತರ ಭುಜ, ತೋಳಿನ ಮೇಲ್ಭಾಗ, ಮೊಣಕೈ, ಮುಂಗೈ, ಬೆರಳು. ಅಲ್ಲಿಂದ ಬಂದ ದಾರಿಯಲ್ಲೇ ಮತ್ತೆ ಮೇಲಕ್ಕೆ. ಕೈ ಊದಿದೆ ಎಂದು ಬಂದವರಿಗೆ ಮೊದಲ ಅರ್ಧ ಗಂಟೆ ಕೈಯನ್ನೇ ಮುಟ್ಟದಿರುವುದು ವಿಚಿತ್ರವಾಗಿ ಕಂಡೀತು, ಅದೇ ಸರಿ. ಹಸಿರು ಬಣ್ಣದ ದ್ರವ ಚುಚ್ಚಿ ಕ್ಯಾಮೆರಾದಲ್ಲಿ ಲಿಂಫ್ ಹರಿವನ್ನು ನೋಡುವ ಪರೀಕ್ಷೆ ಬಂದ ಮೇಲೆ, ಗಡ್ಡೆ ತೆಗೆದ ಕಡೆಯ ಕಂಕುಳಿಗೇ ಇನ್ನೂ ಹರಿವು ಉಳಿದಿರುವ ರೋಗಿಗಳು ಬಹಳ ಎಂದು ಕಂಡುಬಂದಿದೆ. ಹಾಗಾಗಿ ಆ ಕಂಕುಳನ್ನೂ ಬಿಡದೆ ಕೆಲಸ ಮಾಡುವವರಿದ್ದಾರೆ. ಕ್ರಮ ತಪ್ಪಿತು ಎಂದು ಗಾಬರಿಯಾಗಬೇಕಿಲ್ಲ. ಪಾದದಿಂದಲೇ ಶುರುಮಾಡಿ ಮೇಲಕ್ಕೆ ಜೋರಾಗಿ ಉಜ್ಜಿಕೊಂಡು ಬಂದರೆ ಮಾತ್ರ ಎದ್ದು ಬನ್ನಿ.

ಒಟ್ಟು 45ರಿಂದ 60 ನಿಮಿಷ. ಮುಗಿದ ಮೇಲೆ ಮೂತ್ರಕ್ಕೆ ಹೆಚ್ಚು ಹೋಗಬೇಕೆನಿಸುವುದು, ನಿದ್ದೆ ಎಳೆಯುವುದು, ಕೈ ಹಗುರವೆನಿಸುವುದು ಸಹಜ. ಚರ್ಮ ಕೆಂಪಾಗುವುದು, ಕಪ್ಪುಗಟ್ಟುವುದು ಸಹಜವಲ್ಲ. ಮಧ್ಯೆ ನಿದ್ದೆ ಹೋದವರನ್ನು ಎಬ್ಬಿಸದೆ ಕೆಲಸ ಮುಂದುವರಿದರೆ ಕೈಗೆ ಪೂರ್ತಿ ಅಂಕ.

ಇಷ್ಟೆಲ್ಲ ಚೆನ್ನಾಗಿ ಮಾಡಿ ಬರಿಗೈಯಲ್ಲಿ ಮನೆಗೆ ಕಳಿಸಿದರೆ ಇಳಿದದ್ದು ಬಹಳ ಬೇಗ ಮತ್ತೆ ತುಂಬುತ್ತದೆ. ಸೇವೆಯ ನಿಜವಾದ ಬೆಲೆ ಇರುವುದು ಮೇಜಿನಿಂದ ಇಳಿದ ಮೇಲಿನ ಅರ್ಧ ಗಂಟೆಯಲ್ಲಿ, ಬ್ಯಾಂಡೇಜಿನಲ್ಲಿ. ಸ್ತನ ಕ್ಯಾನ್ಸರ್ ನಂತರದ ಕೈ ಊತದ ಬಗ್ಗೆ 2015ರ ಕಾಕ್ರೇನ್ ವಿಮರ್ಶೆಯಲ್ಲಿ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಬರಿ ಬ್ಯಾಂಡೇಜಿನಿಂದಲೇ ಊತ ಶೇಕಡಾ 30ರಿಂದ 38ರಷ್ಟು ಇಳಿದಿತ್ತು. ಅದಕ್ಕೆ ಈ ಮಸಾಜನ್ನೂ ಸೇರಿಸಿದಾಗ ಸಿಕ್ಕ ಹೆಚ್ಚುವರಿ ಸುಮಾರು ಶೇಕಡಾ 7. ಅದೂ ಸೌಮ್ಯ, ಮಧ್ಯಮ ಊತದವರಿಗೆ ಹೆಚ್ಚು. 7 ಅಂದರೆ ಏನೂ ಇಲ್ಲವೆಂದಲ್ಲ, ಆದರೆ ಬಿಲ್ಲಿನಲ್ಲಿ ಮಸಾಜಿನದೇ ಸಿಂಹಪಾಲಾಗಿದ್ದು ಬ್ಯಾಂಡೇಜಿನ ಸುದ್ದಿಯೇ ಇಲ್ಲದಿದ್ದರೆ ಲೆಕ್ಕ ತಲೆಕೆಳಗಾಗಿದೆ.

ಬ್ಯಾಂಡೇಜ್ ಅಂದ ಕೂಡಲೇ ಮೆಡಿಕಲ್ ಸ್ಟೋರಿನ ಕ್ರೇಪ್ ಬ್ಯಾಂಡೇಜ್ ತರಬೇಡಿ. ಅದು ತನ್ನ ಉದ್ದಕ್ಕಿಂತ ಎಷ್ಟೋ ಹೆಚ್ಚು ಎಳೆಯುವಂಥದ್ದು. ಮಲಗಿದಾಗ ಸುಮ್ಮನೆ ಹಿಂಡುತ್ತದೆ, ನಡೆದಾಗ ಸ್ನಾಯು ಉಬ್ಬಿದರೆ ಅದೂ ಉಬ್ಬಿ ಜಾಗ ಬಿಟ್ಟುಕೊಡುತ್ತದೆ. ಬೇಕಾದದ್ದು ಇದರ ತದ್ವಿರುದ್ಧ: ಸುಮ್ಮನಿರುವಾಗ ಹಗುರ, ಕೆಲಸ ಮಾಡುವಾಗ ಗಟ್ಟಿ ಗೋಡೆ. ಅದಕ್ಕೆ ಶಾರ್ಟ್ ಸ್ಟ್ರೆಚ್ (ಸ್ವಲ್ಪವೇ ಎಳೆಯುವ ಬ್ಯಾಂಡೇಜ್) ಎಂದೇ ಕೇಳಬೇಕು. ಕಟ್ಟುವ ಕ್ರಮ: ಚರ್ಮಕ್ಕೆ ಮಾಯಿಶ್ಚರೈಸರ್, ಮೇಲೆ ಹತ್ತಿಯ ಕೊಳವೆಯಂಥ ಬಟ್ಟೆ, ಬೆರಳು ಬೆರಳಿಗೂ ಸಣ್ಣ ಪಟ್ಟಿ, ಅದರ ಮೇಲೆ ಹತ್ತಿಯ ಪ್ಯಾಡಿಂಗ್ ಅಥವಾ ಫೋಮ್, ಕೊನೆಗೆ 6, 8, 10 ಸೆಂಟಿಮೀಟರ್ ಅಗಲದ ಶಾರ್ಟ್ ಸ್ಟ್ರೆಚ್ ಸುತ್ತುಗಳು. ಒತ್ತಡ ಬೆರಳ ಕಡೆ ಜಾಸ್ತಿ, ಮೇಲೇರಿದ ಹಾಗೆ ಕಡಿಮೆ. ಬಲದಿಂದ ಎಳೆದು ಒತ್ತಡ ತರುವುದಲ್ಲ, ಪದರ ಹೆಚ್ಚಿಸಿ ತರುವುದು. ಮಧ್ಯದಲ್ಲಿ ಒಂದು ಸುತ್ತು ಬಿಗಿಯಾದರೆ ಅದರ ಕೆಳಗೆ ಎಲ್ಲ ಕಟ್ಟಿಕೊಳ್ಳುತ್ತದೆ. ಬೆರಳ ತುದಿ ನೀಲಿಯಾದರೆ, ಜೋಮು ಹಿಡಿದರೆ, ನೋವು ಬಂದರೆ ಮಾರನೆ ದಿನದವರೆಗೆ ಕಾಯದೆ ಅಲ್ಲೇ ಬಿಚ್ಚಬೇಕು. ಇದನ್ನು ಬಾಯಿಬಿಟ್ಟು ಹೇಳದೆ ಕಳಿಸುವ ಥೆರಪಿಸ್ಟಿಗೆ ಅರ್ಧ ಅಂಕ ಕಡಿತ.

ಚಿಕಿತ್ಸೆಯ ತೀವ್ರ ಹಂತದಲ್ಲಿ ವಾರಕ್ಕೆ 5 ದಿನದಂತೆ 2ರಿಂದ 4 ವಾರ ಇದೇ ಓಟ: ಬಿಚ್ಚುವುದು, ತೊಳೆಯುವುದು, ಮಸಾಜ್, ಮತ್ತೆ ಕಟ್ಟುವುದು, ಕಟ್ಟಿಕೊಂಡೇ ವ್ಯಾಯಾಮ. ದಿನದ ಸುಮಾರು 23 ಗಂಟೆ ಬ್ಯಾಂಡೇಜು ಮೈಮೇಲೆ. ಏಪ್ರಿಲ್ ತಿಂಗಳ ರಾಯಚೂರು, ಕಲಬುರಗಿಯ ಸೆಖೆಯಲ್ಲಿ ಇದು ಸುಲಭದ ಮಾತಲ್ಲ. ಅಡುಗೆ, ಪಾತ್ರೆ, ಬಟ್ಟೆ ಒಬ್ಬರದೇ ತಲೆಯ ಮೇಲಿದ್ದರೆ ಕಟ್ಟಿದ ಕೈ ಮಧ್ಯಾಹ್ನದೊಳಗೆ ಒದ್ದೆ. ಒದ್ದೆ ಬ್ಯಾಂಡೇಜಿನ ಒಳಗೆ ಶಿಲೀಂಧ್ರ ಬೆಳೆಯುತ್ತದೆ, ಚರ್ಮ ಬಿರಿಯುತ್ತದೆ, ಬಿರುಕಿನಿಂದ ಸೋಂಕು ಒಳಗೆ ಹೋಗುತ್ತದೆ. ಎರಡು ಸೆಟ್ ಇಟ್ಟುಕೊಂಡು ಒಂದನ್ನು ಒಗೆದು ನೆರಳಿನಲ್ಲಿ ಒಣಗಿಸುವುದು, ಆ ವಾರಗಳಿಗೆ ಮನೆಯಲ್ಲಿ ಇನ್ನೊಬ್ಬರ ಕೈ ಹೊಂದಿಸಿಕೊಳ್ಳುವುದು, ಸೆಖೆ ಇಳಿದ ಮೇಲೆ ಶುರುಮಾಡುವುದು: ಈ ಮಾತುಗಳು ಬರಬೇಕಾದ್ದು ಥೆರಪಿಸ್ಟಿನ ಬಾಯಿಂದ. ಬಹಳ ಕಡೆ ಬರುವುದಿಲ್ಲ. ರೋಗಿ ನಾಲ್ಕನೇ ದಿನಕ್ಕೆ ಬಿಟ್ಟರೆ 'ಶಿಸ್ತಿಲ್ಲ' ಎನ್ನುತ್ತಾರೆ.

ಕೆಲವರನ್ನು ಮೇಜಿನ ಮೇಲೆ ಮಲಗಿಸಲೇಬಾರದು. ಕೈಕಾಲು ಕೆಂಪಾಗಿ ಬಿಸಿಯಾಗಿ ಜ್ವರ ನಡುಕ ಇದ್ದರೆ ಅದು ಚರ್ಮದ ಸೋಂಕು. ಮೊದಲು ಆಂಟಿಬಯಾಟಿಕ್, ಆಮೇಲೆ ಉಳಿದದ್ದು. ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪು ಇರಬಹುದು; ಮುಟ್ಟಿದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಹತೋಟಿಯಲ್ಲಿಲ್ಲದ ಹೃದಯ ವೈಫಲ್ಯ, ಮೂತ್ರಪಿಂಡ ವೈಫಲ್ಯ ಇದ್ದವರಿಗೆ ಕೈಕಾಲಿನ ನೀರನ್ನೆಲ್ಲ ರಕ್ತಕ್ಕೆ ನೂಕುವುದು ಅಪಾಯ. ಎರಡೂ ಪಾದ ಸಮನಾಗಿ ಊದಿ ಮಲಗಿದರೆ ಉಬ್ಬಸ ಬರುವವರು ಹೋಗಬೇಕಾದ್ದು ಮಸಾಜಿಗಲ್ಲ, ಡಾಕ್ಟರ ಬಳಿಗೆ. ಗರ್ಭಿಣಿಯರ ಮುಖ, ಕೈ ದಿಢೀರನೆ ಊದಿಕೊಂಡರೆ ಬಿ.ಪಿ. ನೋಡಿಸಬೇಕು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿರುವವರು, ಕುತ್ತಿಗೆಯ ರಕ್ತನಾಳ ಕಟ್ಟಿಕೊಂಡಿರುವ ವಯಸ್ಸಾದವರು ಇವರ ಕುತ್ತಿಗೆಯ ಭಾಗವನ್ನು ಬಿಡುತ್ತಾರೆ. ಕ್ಯಾನ್ಸರ್ ಇನ್ನೂ ಇರುವವರು ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಿಯೇ ಹೋಗಲಿ. ಇಷ್ಟರಲ್ಲಿ ಒಂದನ್ನೂ ಕೇಳದೆ 'ಬನ್ನಿ ಮಲಗಿ' ಎನ್ನುವ ಜಾಗಕ್ಕೆ ಸೊನ್ನೆ.

ಆನೆಕಾಲು ರೋಗ (ಅದೂ ಲಿಂಫ್ ಊತವೇ) ಕಾಡಿದ ನಮ್ಮ ಕಲಬುರಗಿ, ಯಾದಗಿರಿ, ಬೀದರ್ ಕಡೆ ಮತ್ತು ಕರಾವಳಿಯಲ್ಲಿ ಲೆಕ್ಕ ಸ್ವಲ್ಪ ಬೇರೆ. ಹಳೆಯ ಆನೆಕಾಲಿನಲ್ಲಿ ಊತಕ್ಕಿಂತ ಹೆಚ್ಚು ಹಿಂಸೆ ಕೊಡುವುದು ಮತ್ತೆ ಮತ್ತೆ ಬರುವ ಜ್ವರ. ಅದರ ಬಾಗಿಲು ಬೆರಳ ಸಂದು. ದಿನಾ ಸೋಪು ಹಾಕಿ ತೊಳೆದು, ಬೆರಳ ಸಂದು, ಚರ್ಮದ ಮಡಿಕೆ ಒಂದೊಂದನ್ನೂ ತೆಳು ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಬೇಕಿದ್ದಲ್ಲಿ ಶಿಲೀಂಧ್ರದ ಮುಲಾಮು ಹಚ್ಚಿದರೆ ಜ್ವರದ ಸರದಿ ಕಡಿಮೆಯಾಗುತ್ತದೆ. ಇದನ್ನು ಬಿಟ್ಟು ಬರಿ ಮಸಾಜ್ ಮಾಡುವುದರಲ್ಲಿ ಅರ್ಥವಿಲ್ಲ. ಗಡಿಯಾಚೆ ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಚರ್ಮ ತೊಳೆಯುವುದು, ಆಯುರ್ವೇದ, ಯೋಗದ ಉಸಿರಾಟ ಮತ್ತು ಆಸನ, ಬ್ಯಾಂಡೇಜು ಎಲ್ಲವನ್ನೂ ಒಟ್ಟುಗೂಡಿಸಿ ಇಂಥ ಕಾಲುಗಳಿಗೆ ಚಿಕಿತ್ಸೆ ಕೊಡುವುದಕ್ಕೆ ಹೆಸರಾಗಿದೆ. ಕನ್ನಡದಲ್ಲೇ ಮಾತಾಡಿ ಬರಬಹುದಾದ ಊರು ಎನ್ನುವುದು ಹೆಚ್ಚಿನ ಲಾಭ.

ಇನ್ನು ಅಂಕಗಳು. ಊತದ ಚಿಕಿತ್ಸೆಯ ಪೂರ್ತಿ ತರಬೇತಿ ಪಡೆದು ಅಳತೆ, ಮಸಾಜ್, ಬ್ಯಾಂಡೇಜ್ ಮೂರನ್ನೂ ಒಬ್ಬರೇ ಮಾಡುವ ಕ್ಲಿನಿಕ್ಕಿಗೆ ಐದಕ್ಕೆ ನಾಲ್ಕೂವರೆ. ಉಳಿದ ಅರ್ಧ ಹೋಗುವುದು ಇಂಥವು ದೊಡ್ಡ ಊರುಗಳ ಆಚೆ ಸಿಗುವುದು ಕಷ್ಟ ಎಂಬುದಕ್ಕೆ. ಕ್ಯಾನ್ಸರ್ ಆಸ್ಪತ್ರೆಯ ಫಿಸಿಯೋಥೆರಪಿಗೆ ನಾಲ್ಕು: ವೈದ್ಯರು ಪಕ್ಕದಲ್ಲೇ ಇರುತ್ತಾರೆ, ಆದರೆ ಗದ್ದಲದಲ್ಲಿ ಒಂದು ಗಂಟೆಯ ಕೆಲಸ ಇಪ್ಪತ್ತು ನಿಮಿಷಕ್ಕೆ ಇಳಿಯುವುದುಂಟು. ಆಗ ಮಸಾಜ್ ಕಡಿಮೆ ಮಾಡಿ ಬ್ಯಾಂಡೇಜಿಗೆ ಸಮಯ ಕೊಡಿ ಎಂದು ಕೇಳಿಕೊಳ್ಳುವುದು ಜಾಣತನ. ಗಾಳಿ ತುಂಬಿ ಬಿಡುವ ತೋಳಿನ ಚೀಲದಂಥ ಯಂತ್ರವನ್ನಷ್ಟೇ ಹಾಕಿ ಕೂರಿಸುವ ಕಡೆಗೆ ಎರಡು. ಯಂತ್ರ ಕೆಟ್ಟದ್ದಲ್ಲ, ಅದು ನೀರನ್ನು ತಳ್ಳುತ್ತದೆ, ಪ್ರೋಟೀನನ್ನು ಅಷ್ಟಾಗಿ ಸಾಗಿಸುವುದಿಲ್ಲ. ಹೊಟ್ಟೆ, ತೊಡೆಸಂದು ತೆರವು ಮಾಡದೆ ಕಾಲಿಗೆ ಹಾಕಿದರೆ ಊತ ಮೇಲೆ ಸರಿದು ತೊಡೆಯ ಬುಡದಲ್ಲಿ, ಜನನಾಂಗದಲ್ಲಿ ಕೂರಬಹುದು.

ಸ್ಪಾಕ್ಕೆ ಎಷ್ಟು? ಆರೋಗ್ಯವಂತರಿಗೆ ಒಂದು ಗಂಟೆ ಶಾಂತವಾಗಿ ಮಲಗಿದ ಸುಖ, ಮುಖದ ಬೆಳಗಿನ ಊತ ಸ್ವಲ್ಪ ಹೊತ್ತು ಇಳಿಯುವುದು, ಇಷ್ಟಕ್ಕೆ ಹೋಗುವುದಾದರೆ ಮೂರು ಕೊಡಬಹುದು. 'ಡಿಟಾಕ್ಸ್', 'ಕೊಬ್ಬು ಕರಗುತ್ತದೆ' ಎನ್ನುವ ಫಲಕಕ್ಕೆ ಒಂದೂ ಇಲ್ಲ. ವಿಷ ತೆಗೆಯುವುದು ಯಕೃತ್ತು, ಮೂತ್ರಪಿಂಡಗಳ ಕೆಲಸ. ಅಳತೆಯಲ್ಲಿ ಕಡಿಮೆಯಾದ ಇಂಚು ನೀರಿನದು, ಕೊಬ್ಬಿನದಲ್ಲ. ಕಟ್ಟಿಗೆಯ ಉರುಳೆಗಳಿಂದ ಹೊಟ್ಟೆ, ತೊಡೆ ಜಜ್ಜಿ ಕಪ್ಪುಗಟ್ಟಿಸುವುದನ್ನೂ ಇದೇ ಹೆಸರಲ್ಲಿ ಮಾರುತ್ತಾರೆ. ಲೈಪೊಸಕ್ಷನ್ (ಕೊಬ್ಬು ಹೀರಿ ತೆಗೆಯುವ ಆಪರೇಷನ್) ಆದ ಮೇಲೆ ಗಾಯದ ತೂತಿನಿಂದ ದ್ರವ ಹಿಂಡಿ ತೆಗೆಯುವುದೂ ಲಿಂಫ್ ಡ್ರೈನೇಜ್ ಅಲ್ಲ, ಸೋಂಕಿಗೆ ಕೊಟ್ಟ ಆಹ್ವಾನ. ಆಪರೇಷನ್ ನಂತರ ಯಾವಾಗಿನಿಂದ, ಎಷ್ಟು ಸಲ ಎಂಬುದನ್ನು ಸರ್ಜನ್ನೇ ಹೇಳಬೇಕು. ಕಾಲು ದಪ್ಪಗಿದ್ದು ಪಾದ ಮಾತ್ರ ತೆಳ್ಳಗೆ, ಗಂಟಿನ ಹತ್ತಿರ ಬಳೆ ತೊಡಿಸಿದಂತೆ ನಿಂತಿದ್ದರೆ ಅದು ಲಿಪೆಡೀಮಾ ಎಂಬ ಕೊಬ್ಬಿನ ತೊಂದರೆ ಇರಬಹುದು. ಈ ಮಸಾಜಿನಿಂದ ನೋವು, ಭಾರ ಕಡಿಮೆಯಾಗಬಹುದು, ಆಕಾರ ಬದಲಾಗುವುದಿಲ್ಲ. ಅದನ್ನು ಮೊದಲೇ ಹೇಳುವ ಕಡೆ ದುಡ್ಡು ಕೊಡಿ.

ಬುಕ್ ಮಾಡುವ ಮುಂಚೆ ಫೋನಿನಲ್ಲಿ ಮೂರು ಮಾತು ಕೇಳಿದರೆ ಸಾಕು. ಎಣ್ಣೆ ಯಾವುದು ಬಳಸುತ್ತೀರಿ? 'ಬೇಡ' ಎಂದರೆ ಒಳ್ಳೆಯದು. ಎಲ್ಲಿಂದ ಶುರುಮಾಡುತ್ತೀರಿ? 'ಕುತ್ತಿಗೆ' ಎನ್ನಬೇಕು. ಮುಗಿದ ಮೇಲೆ ಏನು ಕಟ್ಟುತ್ತೀರಿ? ಇದಕ್ಕೆ ಕ್ರೇಪ್ ಎಂದರೂ, ಏನೂ ಇಲ್ಲ ಎಂದರೂ ಬೇರೆ ನಂಬರ್ ಹುಡುಕಿ. ತೀವ್ರ ಹಂತ ಮುಗಿದವರು ಬ್ಯಾಂಡೇಜಿನ ಬದಲು ತೊಡುವ ಸ್ಲೀವ್ (ಬಿಗಿ ಕೈತೋಳು) ಅಥವಾ ಸ್ಟಾಕಿಂಗಿನ (ಬಿಗಿ ಕಾಲುಚೀಲ) ಅಳತೆಯನ್ನು ಕೈಕಾಲು ಅತಿ ಹೆಚ್ಚು ಇಳಿದ ದಿನ, ಬ್ಯಾಂಡೇಜ್ ಬಿಚ್ಚಿದ ಕೂಡಲೇ ಕೊಡಬೇಕು. ಮಧ್ಯಾಹ್ನ ಅಡ್ಡಾಡಿ ಬಂದು ಕೊಟ್ಟ ಅಳತೆಗೆ ಹೊಲಿದದ್ದು ಸಡಿಲವಾಗುತ್ತದೆ. ದಿನಾ ಒಗೆದು ಹಾಕುವ ಸ್ಲೀವಿನ ಬಿಗಿ ಸುಮಾರು ಆರು ತಿಂಗಳಿಗೆ ಹೋಗುತ್ತದೆ. ನೋಡಲು ಹೊಸದರಂತೆಯೇ ಇದ್ದರೂ ಬದಲಿಸಬೇಕು. ಆ ಖರ್ಚನ್ನೂ ಮೊದಲ ದಿನವೇ ಲೆಕ್ಕಕ್ಕೆ ಹಿಡಿದುಕೊಂಡು ಆಮೇಲೆ ಪ್ಯಾಕೇಜಿನ ಮಾತಾಡಿ.